ತಮ್ಮ ಕೊಟ್ಟ ಕುರಿಯೂ ಬೇಲಿಯಾಚೆ

ಕಲ್ಯಾಣದುರ್ಗ ಇನ್ನೇನು ಬಂದೇಬಿಟ್ಟಿತು ಅನ್ನುವಾಗ ಬಸ್ಸಿಗೆ ಅಡ್ಡವಾಗಿ ಒಂದು ಕುರಿಮಂದೆ ನಿಂತಿತು. ಡ್ರೈವರ್ ಹಾರನ್ ಬಾರಿಸಿದ. ಕುರಿಗಳು ಅದನ್ನು ತಮ್ಮ ಪೈಕಿ ಯಾವುದೋ ಹಿರಿಯ ಟಗರಿನ ಮಾತೆಂದು ತಿಳಿದವೋ ಏನೋ, ಇನ್ನಷ್ಟು ಒತ್ತಿಕೊಂಡು ನಿಂತವು. ಆಗಷ್ಟೇ ಒಂದು ಹದ ಮಳೆ ಬಿದ್ದು ನಿಂತಿತ್ತು. ಒದ್ದೆ ಉಣ್ಣೆ, ಹಿಕ್ಕೆ, ಅದರ ಮೇಲೆ ಕಣ್ಣಿಗೆ ಚುಚ್ಚುವ ಗಂಜಲದ ಘಾಟು, ಎಲ್ಲ ಸೇರಿ ಕಿಟಕಿಯಿಂದ ಒಳಗೆ ನುಗ್ಗಿದವು. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡರು. ನಾನು ಮಾತ್ರ ಹೂವಿನ ಅಂಗಡಿ ಮುಂದೆ ನಿಂತವನ ಹಾಗೆ ಉಸಿರೆಳೆದುಕೊಂಡೆ. ಅವರು ನನ್ನನ್ನು ಒಮ್ಮೆ ನೋಡಿ, ಇನ್ನೊಂದು ಗೇಣು ಆಚೆ ಸರಿದರು.

ಈ ವಾಸನೆಗೆ ಬೇರೆಯವರಿಗೆ ಹಟ್ಟಿ ನೆನಪಾಗುತ್ತದೆ, ಅಜ್ಜಿ ನೆನಪಾಗುತ್ತಾಳೆ. ನನಗೆ ನೆನಪಾಗುವುದು ಹಿಂದೂಪುರದ ಒಂದು ಎಸಿ ರೂಮು ಮತ್ತು ಮೂರು ಮಳೆಗಾಲದ ಹಿಂದೆ ನಾನು ಮಾಡಿದ ಒಂದು ಘನಂದಾರಿ ಕೆಲಸ.

ಆ ರೂಮಿನಲ್ಲಿ ಒಂದು ಯಂತ್ರವಿತ್ತು. ಡಿಎನ್‌ಎ ಬರೆಯುವ ಯಂತ್ರ. ಕಂಪ್ಯೂಟರಿನಲ್ಲಿ ಅಕ್ಷರಗಳ ಸಾಲು ಕೊಟ್ಟರೆ ಒಂದೊಂದೇ ಅಕ್ಷರ ಪೋಣಿಸಿ, ಜೀವದ ಬರಹದ ಒಂದು ತುಣುಕನ್ನು ನಿಜವಾಗಿಯೇ ತಯಾರಿಸಿ ಪುಟ್ಟ ಕೊಳವೆಯಲ್ಲಿ ಕೊಡುತ್ತದೆ. ಬರೆದದ್ದನ್ನು ಕೊನೆಗೆ ಬಿಡಿಸಿಕೊಳ್ಳಲು ಅಮೋನಿಯಾ ಬೇಕು. ಕುರಿಹಟ್ಟಿಯ ಘಾಟೂ ಅದೇ. ಹಾಗಾಗಿ ಲಕ್ಷಗಟ್ಟಲೆ ಸುರಿದು ಕಟ್ಟಿದ ನಮ್ಮ ಲ್ಯಾಬು ಬೆಳಗಿನ ಹೊತ್ತು ಮಾರಕ್ಕನ ಕೊಟ್ಟಿಗೆಯ ಹಾಗೇ ನಾರುತ್ತಿತ್ತು. ಮಾರಕ್ಕ ಯಾರೆಂದು ಆಮೇಲೆ ಹೇಳುತ್ತೇನೆ.

ಜೀವದ ಬರಹಕ್ಕೆ ನಾಲ್ಕೇ ಅಕ್ಷರ. ಪರಿಗಿಯ ಶಾಲೆಯಲ್ಲಿ ಅಕ್ಷರಮಾಲೆ ಮುಗಿಸಲಾಗದೆ ಒಂದನೇ ಕ್ಲಾಸಿನಲ್ಲಿ ಎರಡು ವರ್ಷ ಕೂತ ನನಗೆ ನಾಲ್ಕಕ್ಷರದ ಕೆಲಸ ಸಿಕ್ಕಿದ್ದು ಪೂರ್ವಜನ್ಮದ ಪುಣ್ಯ. ಯಂತ್ರವನ್ನು ಮುಟ್ಟಲು ನನಗೆ ಬಿಡುತ್ತಿರಲಿಲ್ಲ. ನನ್ನ ಕೆಲಸ ಫೋನು. ಕನ್ನಡ, ತೆಲುಗು, ಉರ್ದು ಮೂರೂ ಬಾಯಲ್ಲಿ ಆಡುತ್ತವೆ, ಇಂಗ್ಲಿಷು ಕೇಳುವವರಿಗೆ ಧೈರ್ಯವಿದ್ದರೆ ನಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಮ್ಮೆ ಕೇಳಿದ ದನಿ ನನ್ನ ಗಂಟಲಲ್ಲಿ ಮನೆ ಮಾಡಿಬಿಡುತ್ತದೆ. ನಮ್ಮ ಸಾರ್, ಪರಿಗಿಯ ಅರ್ಚಕರು, ಬಸ್‌ ಸ್ಟ್ಯಾಂಡಿನ ಮೈಕು, ನಮ್ಮ ಯಂತ್ರ ಕೆಟ್ಟಾಗ ಕೂಗುವ ಕುಂಯ್‌ ಕುಂಯ್‌, ಎಲ್ಲವನ್ನೂ ಮಾಡುತ್ತಿದ್ದೆ. ಮನೆಗೆ ಫೋನ್ ಮಾಡಿದರೆ ಅಮ್ಮ ಮೊದಲು ಕೇಳುವುದು, “ಇವತ್ತು ಯಾವನ ದನೀಲಾ?”

ಕಂಪನಿಯಲ್ಲಿ ಮುಖ್ಯರಾದವರು ಇಬ್ಬರು. ಮಾಲೀಕರು ಶಿವಾನಂದ ಸಾರ್. ಅವರ ಮನೆತನ ಮೂರು ತಲೆಮಾರಿನಿಂದ ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ ನಡೆಸಿದ್ದು. ಹಣೆಯಲ್ಲಿ ವಿಭೂತಿ, ವಿಭೂತಿಯ ಮೇಲೆ ಎತ್ತಿಟ್ಟ ಕನ್ನಡಕ. ಆ ಕನ್ನಡಕ ಕಣ್ಣಿಗೆ ಇಳಿದದ್ದನ್ನು ನಾನು ಕಂಡಿಲ್ಲ. ಇನ್ನೊಬ್ಬರು ಗೌಸಿಯಾ ಮೇಡಂ. ಯಾರ ಆರ್ಡರ್ ಬಂದರೂ ಮೊದಲು ಅವರ ಮೇಜಿಗೆ.

ಇಂಥ ಯಂತ್ರಕ್ಕೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಔಷಧಿಗೆ ಬೇಕಾದದ್ದನ್ನೂ ಬರೆಯುತ್ತದೆ, ಮಹಾರೋಗದ ತುಣುಕನ್ನೂ ಅಷ್ಟೇ ನಿಷ್ಠೆಯಿಂದ ಬರೆಯುತ್ತದೆ. ಅದಕ್ಕೇ ಜಗತ್ತಿನ ದೊಡ್ಡ ಕಂಪನಿಗಳು ತಾವಾಗಿಯೇ ಒಂದು ಪದ್ಧತಿ ಮಾಡಿಕೊಂಡಿವೆ: ಬರೆಸುತ್ತಿರುವುದು ಏನು, ಬರೆಸುತ್ತಿರುವವರು ಯಾರು, ಎರಡನ್ನೂ ಕೇಳದೆ ಕೊಡಬಾರದು. ಆಗ ನಮ್ಮನ್ನು ಯಾರೂ ಅದಕ್ಕೆ ಕಡ್ಡಾಯ ಮಾಡಿರಲಿಲ್ಲ. ಗೌಸಿಯಾ ಮೇಡಂ ತಾವೇ ಆ ಹಾಳೆಗಳನ್ನು ಪ್ರಿಂಟ್ ಹಾಕಿಸಿ ದಾರ ಕಟ್ಟಿ ಇಟ್ಟುಕೊಂಡಿದ್ದರು. ‘ಏನು’ ಅನ್ನುವುದನ್ನು ಅವರ ಕಂಪ್ಯೂಟರು ಅಪಾಯದ ರೋಗಗಳ ಪಟ್ಟಿಯೊಂದಿಗೆ ಹೋಲಿಸಿ ನೋಡುತ್ತಿತ್ತು. ಹೋಲಿಕೆ ಸಿಕ್ಕರೆ ಕೆಂಪು ಗೆರೆ. ಆಮೇಲೆ ‘ಯಾರು’ ಅನ್ನುವುದನ್ನು ನಾನು ಫೋನ್ ಮಾಡಿ ವಿಚಾರಿಸಬೇಕು. ಅಲ್ಲಿಯವರೆಗೆ ಪ್ಯಾಕೆಟ್ ತಡೆದಿಡುವುದು.

ಆದರೆ ಮೇಡಂ, ನಾನು ಇಬ್ಬರ ಮೇಲೂ ಶಿವಾನಂದ ಸಾರ್ ಅವರ ಫೋನಿತ್ತು.

“ಗೊತ್ತಿರೋರು ಕಣಮ್ಮ, ಬಿಟ್ಬುಡು,” ಅನ್ನುವರು.

“ಸಾರ್, ಕಾಗದ ಬಂದಿಲ್ಲ.”

“ಕಾಗದ ಯಾಕಮ್ಮ? ನಮ್ಮ ತಾತ ದನಿ ಕೇಳೇ ಲಾರಿಗಟ್ಲೆ ಹುಣಸೆಹಣ್ಣು ಕಳ್ಸವ್ರೆ. ಗೊತ್ತಿರೋರನ್ನ ‘ನೀವ್ಯಾರು’ ಅಂತ ಕೇಳಿದ್ರೆ ಮಕಕ್ಕೆ ಹೊಡ್ದಂಗೆ.”

ಗೌಸಿಯಾ ಮೇಡಂ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರು ಕನ್ನಡಕ ಒರೆಸಿದರೆ ಬೈದ ಹಾಗೆ.

ಆ ವರ್ಷ ಮಳೆ ಬೇಗ ಹಿಡಿದಿತ್ತು. ಮಂದೆಗಳು ಒಂದೂರಿಂದ ಇನ್ನೊಂದೂರಿಗೆ ಹೊರಟಿದ್ದವು. ಅವುಗಳ ಜೊತೆಗೇ ಕುರಿ ಮೇಕೆಗಳ ಒಂದು ಅಂಟುಜ್ವರವೂ ಹೊರಡುತ್ತದೆ. ಬಂತೆಂದರೆ ಹಟ್ಟಿಗೆ ಹಟ್ಟಿ ಖಾಲಿ. ಕಲ್ಯಾಣದುರ್ಗದ ತಿಪ್ಪೇಸ್ವಾಮಿ ಡಾಕ್ಟರು ನಿವೃತ್ತ ಪಶುವೈದ್ಯರು. ಹಿಂಡಿ ಅಂಗಡಿಯ ಮಹಡಿಯ ಮೇಲೆ ಎರಡು ರೂಮಿನ ಲ್ಯಾಬು ಇಟ್ಟುಕೊಂಡು, ಕುರಿಯ ಮೂಗಿನ ಒಂದು ಹನಿಯಿಂದ ಆ ಜ್ವರವನ್ನು ಮೊದಲ ದಿನವೇ ಹಿಡಿಯುವ ಪರೀಕ್ಷೆಯೊಂದನ್ನು ತಯಾರಿಸುತ್ತಿದ್ದರು. ಪರೀಕ್ಷೆ ಸರಿಯಾಗಿದೆಯೇ ಎಂದು ನೋಡಲು ಆ ರೋಗದ ಬರಹದ ಒಂದು ಚೂರು ಬೇಕು. ಅಷ್ಟು ಚೂರಿನಿಂದ ರೋಗ ಬರುವುದಿಲ್ಲ, ಕಾಲುಂಗುರ ತಂದಿಟ್ಟ ಮಾತ್ರಕ್ಕೆ ಹೆಂಡತಿ ಬರದ ಹಾಗೆ (ಇದು ನನ್ನ ಅನುಭವ). ಆದರೆ ರೋಗ ಪಟ್ಟಿಯಲ್ಲಿತ್ತು, ಕೆಂಪು ಗೆರೆ ಬಿತ್ತು, ಕಾಗದ ಬರುವತನಕ ಪ್ಯಾಕೆಟ್ ನಿಂತಿತು.

ಡಾಕ್ಟರು ದಿನಾ ಫೋನ್ ಮಾಡುತ್ತಿದ್ದರು. ಮೂರು ಸಲ ಕ್ಯಾಕರಿಸಿ, ಬಾವಿಯೊಳಗಿಂದ ಬಂದ ದನಿಯಲ್ಲಿ, “ಏನಪ್ಪಾ, ಮಳೆ ಮುಗುದ್ಮೇಲೆ ಕೊಡೆ ಕೊಡ್ತೀರೇನು? ಅರ್ಥಾಯ್ತಾ?” ಪ್ರತಿ ಮಾತಿನ ತುದಿಗೂ ‘ಅರ್ಥಾಯ್ತಾ’. ನಾಲ್ಕು ದಿನದಲ್ಲಿ ಆ ದನಿ ನನ್ನದಾಯಿತು. ಟೀ ಹೊತ್ತಿಗೆ ನಾನು ಡಾಕ್ಟರಾದರೆ ಪ್ಯಾಕಿಂಗಿನವರೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಗೌಸಿಯಾ ಮೇಡಂ ಅರ್ಧ ದಿನ ರಜೆ. ಕೈಗೆ ಕೆಲಸವಿಲ್ಲದ ನಾನು ನಂಬರು ಯಾರಿಗೂ ನೆನಪಿರದ ಸ್ಟೋರಿನ ಮೊಬೈಲ್ ಹಿಡಿದು ಮೆಟ್ಟಿಲ ಕೆಳಗೆ ಕೂತು ಸಾರ್‌ಗೆ ಫೋನ್ ಹಚ್ಚಿದೆ. ಮೂರು ಸಲ ಕ್ಯಾಕರಿಸಿದೆ. ಅವರು ‘ನಮಸ್ಕಾರ ಡಾಕ್ಟ್ರೇ’ ಅಂದ ಕೂಡಲೇ ನಕ್ಕುಬಿಡುವುದು ನನ್ನ ಲೆಕ್ಕ.

“ನಮಸ್ಕಾರ ಡಾಕ್ಟ್ರೇ! ಮಳೆ ಹೆಂಗೈತೆ ಆ ಕಡೆ?”

ಅಷ್ಟು ಪ್ರೀತಿಯಿಂದ ಕೇಳಿದರೆ ನಗುವುದು ಹೇಗೆ? ಮಳೆಯ ವಿಷಯ ಹೇಳಿದೆ. ಮೊಣಕಾಲು ನೋವಿನ ವಿಷಯವನ್ನೂ ಹೇಳಿದೆ. ಕೊನೆಗೆ ಬಾಯಿ ತಾನೇ ತಾನಾಗಿ ಅಂದಿತು, “ನಮ್ದೇನೋ ತಡ್ದು ಮಡಗವ್ರಂತೆ. ಬಿಟ್ಬುಡಪ್ಪಾ ಶಿವಾನಂದ. ಅರ್ಥಾಯ್ತಾ?”

“ಈಗ್ಲೇ ಬಿಡಿಸ್ತೀನಿ ಡಾಕ್ಟ್ರೇ!”

ಮೆಟ್ಟಿಲು ಹತ್ತಿ ತಪ್ಪೊಪ್ಪಿಕೊಳ್ಳಲು ಹೋದೆ. ಸಾರ್ ಇನ್ನೊಂದು ಫೋನಿನಲ್ಲಿದ್ದರು, ಆಮೇಲೆ ಯಾರದೋ ನಿಶ್ಚಿತಾರ್ಥಕ್ಕೆ ಹೊರಟೇಬಿಟ್ಟರು. ಹೇಗೂ ನಿಜವಾದ ಡಾಕ್ಟರ ನಿಜವಾದ ಪ್ಯಾಕೆಟ್ಟು, ನಾಳೆ ಹೋಗುವುದು ಇವತ್ತು ಹೋಯಿತು, ಕುರಿಗಳ ಆಶೀರ್ವಾದ ನನಗಿರಲಿ ಎಂದುಕೊಂಡು ಮಂಡಕ್ಕಿ ತಿನ್ನಲು ಹೋದೆ.

ಬೆಳಿಗ್ಗೆ ಗೌಸಿಯಾ ಮೇಡಂ ನನ್ನ ಮೇಜಿನ ಮುಂದೆ ನಿಂತಿದ್ದರು. ಕನ್ನಡಕ ಕೈಯಲ್ಲಿತ್ತು, ಒರೆಸುತ್ತಿರಲಿಲ್ಲ.

“ನಾಗರಾಜ, ಎರಡು ಪ್ಯಾಕೆಟ್ ಯಾರು ಬಿಟ್ಟಿದ್ದು?”

“ಎರಡಾ?”

ಎರಡು. ನಾಲ್ಕು ದಿನದ ಹಿಂದೆ ತಿಪ್ಪೇಸ್ವಾಮಿ ಡಾಕ್ಟರ ಹೆಸರಿನಲ್ಲೇ ಇನ್ನೊಂದು ಆರ್ಡರ್ ಬಂದಿತ್ತು. ಚೂರಲ್ಲ, ಉದ್ದನೆಯದು. ಪರೀಕ್ಷೆಗೆ ಬೇಕಾಗುವುದಕ್ಕಿಂತ ತುಂಬಾ ಉದ್ದ. ವಿಳಾಸ ಕಲ್ಯಾಣದುರ್ಗದ್ದಲ್ಲ, ಹೆದ್ದಾರಿಯ ಮೇಲಿರುವ ಕೊಡಿಕೊಂಡ ಎಂಬ ಊರಿನ ಚೆಕ್‌ಪೋಸ್ಟಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿ. ಆಗೆಲ್ಲ ಕೆಂಪು ಗೆರೆ ಬಿದ್ದರೂ ಹೊತ್ತು ಉಳಿಸಲೆಂದು ಬರೆದು ಮುಗಿಸಿ ಕಪಾಟಿನಲ್ಲಿ ಇಡುತ್ತಿದ್ದೆವು. ಅದೂ ತಪ್ಪೇ. ಮೇಡಂಗೆ ಅನುಮಾನ ಬಂದು, ‘ಡಾಕ್ಟರಿಗೆ ಫೋನ್ ಮಾಡಿ ಕೇಳು’ ಎಂದು ಚೀಟಿ ಬರೆದು ನನ್ನ ಮೇಜಿನ ಮೇಲೆ ಇಟ್ಟಿದ್ದರಂತೆ. ನಾನು ಟೀ ಲೋಟ ಎತ್ತಿದೆ. ಚೀಟಿ ಅದರ ಕೆಳಗಿತ್ತು, ಡಾಕ್ಟರ ಹೆಸರಿನ ಸುತ್ತ ಟೀಯ ಉಂಗುರ. ಸಾರ್ ಮಾತ್ರ ಹಿಂದಿನ ದಿನ ಪ್ಯಾಕಿಂಗಿನವರಿಗೆ, “ಡಾಕ್ಟ್ರ ಹೆಸ್ರಲ್ಲಿರೋದ್ನೆಲ್ಲ ಕಳ್ಸಿ” ಅಂದಿದ್ದರು. ಎಲ್ಲವೂ ಹೋಗಿತ್ತು.

ಅಷ್ಟರಲ್ಲಿ ಸಾರ್ ಬಂದರು. “ಡಾಕ್ಟ್ರೇ ಫೋನ್ ಮಾಡಿದ್ರು ಕಣಮ್ಮ, ನಂಗೇ ಮಾಡಿದ್ರು.”

“ಅದು ಡಾಕ್ಟ್ರಲ್ಲ ಸಾರ್,” ಅಂದೆ.

“ಮತ್ಯಾರು?”

ಮೂರು ಸಲ ಕ್ಯಾಕರಿಸಿದೆ.

ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, ಮೊದಲ ಸಲ ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿ ನನ್ನನ್ನು ನೋಡಿದರು. ಆ ನೋಟ ಮಾತ್ರ ನನಗೆ ಇವತ್ತಿಗೂ ಅನುಕರಿಸಲು ಬಂದಿಲ್ಲ.

ಗೌಸಿಯಾ ಮೇಡಂ ಆಗಲೇ ನಿಜವಾದ ಡಾಕ್ಟರಿಗೆ ಫೋನ್ ಮಾಡಿದ್ದರು. “ಕೊಡಿಕೊಂಡನಾ? ಅಲ್ಲಿ ನಂಗೇನ್ ಕೆಲ್ಸ? ನಾನು ಕೇಳಿದ್ದು ಒಂದೇ ಚೂರು. ಅರ್ಥಾಯ್ತಾ?” ಆ ‘ಅರ್ಥಾಯ್ತಾ’ ಸ್ಪೀಕರಿನಿಂದ ಬಂದಾಗ ಯಾರೂ ನಗಲಿಲ್ಲ.

ಸಾರ್ ಅವರ ಹಳೆಯ ಕಾರಿನಲ್ಲಿ ಮೂವರೂ ಹೊರಟೆವು. ಸೋನೆ ಮಳೆ. ವೈಪರ್ ಒಂದೇ ಕಡೆ ಆಡುತ್ತಿತ್ತು, ಅದೂ ನನ್ನ ಕಡೆ. ಸಾರ್ ಕತ್ತು ಬಾಗಿಸಿ ನನ್ನ ಕಿಂಡಿಯಿಂದ ರಸ್ತೆ ನೋಡುತ್ತಿದ್ದರು. ಪ್ಯಾಕೆಟ್ ಯಾರ ಕೈಗಾದರೂ ಸೇರಿದ್ದರೆ? ಅವನು ಅದರಿಂದ ಏನು ಮಾಡಬಲ್ಲ, ಮಾಡಲಾರ ಎಂದು ನನಗೆ ಗೊತ್ತಿರಲಿಲ್ಲ. ಗೌಸಿಯಾ ಮೇಡಂಗೆ ಗೊತ್ತಿದ್ದಿರಬೇಕು, ಅವರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಕಲ್ಯಾಣದುರ್ಗದ ಸುತ್ತ ಎಷ್ಟು ಹಟ್ಟಿಗಳಿವೆ ಎಂದು ನಾನು ಎಣಿಸಲು ಹೋಗಿ ಬಿಟ್ಟೆ.

ಹೆದ್ದಾರಿಯಲ್ಲಿ ಲಾರಿಗಳ ಸಾಲು, ಢಾಬಾಗಳು, ಅವುಗಳ ನಡುವೆ ಆ ಜೆರಾಕ್ಸ್ ಅಂಗಡಿ. ಕೊರಿಯರ್ರೂ ಅಲ್ಲೇ. ಒಳಗೆ ಬನಿಯನ್ ಹಾಕಿದ ಒಬ್ಬ ಮನುಷ್ಯ, ಹಿಂದಿನ ಅಟ್ಟದ ಮೇಲೆ ನಮ್ಮ ಪ್ಯಾಕೆಟ್ಟು. ಅದರ ನೀಲಿ ಪಟ್ಟಿಯನ್ನು ನಾನು ಬಾಗಿಲಿನಿಂದಲೇ ಬೊಟ್ಟು ಮಾಡಿ ತೋರಿಸಿದೆ.

“ಅದು ನಮ್ದಪ್ಪ, ಕೊಡು,” ಅಂದರು ಸಾರ್.

“ಎವರಂಡೀ ಮೀರು?” ನೀವ್ಯಾರು ಎಂದು ತೆಲುಗಿನಲ್ಲಿ ಕೇಳಿದ.

“ನಾನು ಕಳ್ಸಿದ್ದು. ಹಿಂದೂಪುರದ ಶಿವಾನಂದ. ಹುಣಸೆಹಣ್ಣಿನ ಮಂಡಿ ಶಿವಾನಂದ!”

“ಶಿವಾನಂದ ಆದ್ರೂ ಸರಿ, ಸಾಕ್ಷಾತ್ ಶಿವ ಆದ್ರೂ ಸರಿ. ಗುರ್ತಿನ್ ಕಾರ್ಡು ತೋರ್ಸಿ, ಕಳ್ಸಿದ್ ರಸೀದಿ ತೋರ್ಸಿ. ನಾನು ಆಫೀಸ್ಗೆ ಫೋನ್ ಮಾಡಿ ನಂಬರ್ ಕೇಳ್ತೀನಿ. ಆಮ್ಯಾಕೆ ಕೊಡ್ತೀನಿ. ಕೂತ್ಕಳಿ.”

“ನನ್ನ ನೋಡುದ್ರೆ ಗೊತ್ತಾಗಲ್ವೇನಯ್ಯ?”

“ನೋಡುದ್ರೆ ಎಲ್ರೂ ದೊಡ್ಡೋರೇ ಸಾರ್.”

ಮೂವರೂ ಬೆಂಚಿನ ಮೇಲೆ ಕೂತೆವು. ನಾಲ್ಕಕ್ಷರದ ಯಂತ್ರವಿಲ್ಲದ, ದಾರ ಕಟ್ಟಿದ ಹಾಳೆಗಳಿಲ್ಲದ ಆ ಮನುಷ್ಯ ನಮ್ಮ ಇಡೀ ಕಂಪನಿಯನ್ನು ಬೆಂಚಿನ ಮೇಲೆ ಕೂರಿಸಿದ್ದ. ಗೌಸಿಯಾ ಮೇಡಂ ಮುಖದಲ್ಲಿ ಆ ಬೆಳಿಗ್ಗೆ ಮೊದಲ ಸಲ ನಗು ಕಂಡಿತು.

ಆಗ ಅವನ ಫೋನು ಹೊಡೆದುಕೊಂಡಿತು. ಅವನು ಸ್ಪೀಕರ್ ಒತ್ತಿದ.

“ಡಾಕ್ಟರ್ ತಿಪ್ಪೇಸ್ವಾಮಿ ಮಾತಾಡೋದು. ಪ್ಯಾಕೆಟ್ ಬಂದಿದೆಯಾ?”

ಕ್ಯಾಕರಿಕೆ ಇಲ್ಲ, ಬಾವಿ ಇಲ್ಲ. ತೆಳ್ಳಗಿನ, ಅವಸರದ, ಯಾರದೋ ದನಿ. ಗೌಸಿಯಾ ಮೇಡಂ ಕೈ ಎತ್ತಿ ನಮ್ಮಿಬ್ಬರನ್ನೂ ಸುಮ್ಮನಿರಿಸಿದರು.

“ಬಂದೈತೆ. ಗುರ್ತಿನ್ ಕಾರ್ಡು ತಗೊಂಡ್ ಬನ್ನಿ,” ಅಂದ ಅಂಗಡಿಯವನು.

ಫೋನ್ ಕಟ್ಟಾಯಿತು. ಸಂಜೆಯವರೆಗೆ ಕಾದೆವು, ಯಾರೂ ಬರಲಿಲ್ಲ. ಆ ನಂಬರು ಮತ್ತೆ ಹತ್ತಲಿಲ್ಲ. ಮೇಡಂ ಪೊಲೀಸರಿಗೂ ಮೇಲಿನವರಿಗೂ ಎಲ್ಲ ಬರೆದುಕೊಟ್ಟರು. ನಮ್ಮ ತಪ್ಪನ್ನೂ ಬರೆದರು, ನನ್ನ ಹೆಸರನ್ನೂ ಬರೆದರು, ಕಾಗುಣಿತ ಸರಿಯಾಗಿತ್ತು. ಅವನು ಕೆಡುಕನೋ, ಕಾಗದಪತ್ರಕ್ಕೆ ಬೇಸತ್ತ ಯಾವುದೋ ಸೋಮಾರಿ ವಿದ್ಯಾರ್ಥಿಯೋ, ನನಗಿನ್ನೂ ಗೊತ್ತಿಲ್ಲ. ಪ್ಯಾಕೆಟ್ಟನ್ನು ಲ್ಯಾಬಿಗೆ ತಂದು, ಡಾಕ್ಟರಿಗೆ ಹೊರಟಿದ್ದ ಚೂರನ್ನೂ ದಾರಿಯಿಂದಲೇ ವಾಪಸ್ ತರಿಸಿ, ಮೂವರೂ ನೋಡುತ್ತಿರುವಾಗಲೇ ಎರಡನ್ನೂ ನಾಶ ಮಾಡಿದೆವು.

ಅಲ್ಲಿಗೆ ಮುಗಿಯಲಿಲ್ಲ. ಸಾರ್ ಹೆದರಿಬಿಟ್ಟಿದ್ದರು. “ಇನ್ಮೇಲೆ ರೋಗ ಗೀಗದ್ದು ಯಾವ್ದೂ ಬೇಡ. ಡಾಕ್ಟ್ರಿಗೂ ಬೇಡ ಅಂದ್ಬುಡಿ,” ಅಂದರು.

“ಬೇಡ ಅಂದ್ರೆ ಅವರ ಪರೀಕ್ಷೆ ನಿಲ್ತದೆ ಸಾರ್. ಬಾಗ್ಲು ಮುಚ್ಚೋದಲ್ಲ, ಬಾಗ್ಲಲ್ಲಿ ಕೇಳೋದು ಕಲೀಬೇಕು,” ಅಂದರು ಮೇಡಂ. ಒಂದು ಹಾಳೆಯಲ್ಲಿ ನಿಯಮ ಬರೆದರು. ಯಾರೇ ಫೋನ್ ಮಾಡಲಿ, ಇಟ್ಟು, ನಮ್ಮ ದಾಖಲೆಯಲ್ಲಿರುವ ನಂಬರಿಗೆ ನಾವೇ ತಿರುಗಿ ಮಾಡಬೇಕು. ಕೆಂಪು ಗೆರೆ ಬಿದ್ದದ್ದನ್ನು ವಿಚಾರಣೆ ಮುಗಿಯುವ ಮೊದಲು ಬರೆಯಲೇಬಾರದು. ಬಿಡಲು ಇಬ್ಬರ ಸಹಿ, ಮಾಲೀಕರೊಬ್ಬರೇ ಸಾಲದು. ವರ್ಷಕ್ಕೊಮ್ಮೆ ಹೋಗಿ ಮುಖಾಮುಖಿ ನೋಡಿ ಬರಬೇಕು.

“ಇದನ್ನ ಡಾಕ್ಟ್ರಿಗೆ ಯಾರು ಹೇಳೋದು? ನಲವತ್ತು ವರ್ಷ ಸರ್ವಿಸ್ ಮಾಡಿರೋರಿಗೆ ನೀವ್ಯಾರು ಅಂತ ಕೇಳಕ್ಕೆ ನಂಗಾಗಲ್ಲಮ್ಮ.”

ಇಬ್ಬರೂ ನನ್ನ ಕಡೆ ತಿರುಗಿದರು.

ಹಾಗೆ ನಾನು ಮೊದಲ ಸಲ ಕಲ್ಯಾಣದುರ್ಗದಲ್ಲಿ ಇಳಿದೆ, ಷೇರ್ ಜೀಪಿನ ಹಿಂದೆ ಒಂದು ಕಾಲಲ್ಲಿ ನಿಂತು ಡಾಕ್ಟರ ಹಳ್ಳಿಗೆ ಹೋದೆ. ಅವರು ಅಂದು ತಮ್ಮ ಅಕ್ಕನ ಹಟ್ಟಿಯಲ್ಲಿದ್ದರು. ಈ ಅಕ್ಕನೇ ಮಾರಕ್ಕ. ಕುಳ್ಳಗಿನ ಮುದುಕಿ, ಕೈಯಲ್ಲಿ ತನಗಿಂತ ಎತ್ತರದ ಕೋಲು.

ಎಲ್ಲ ಹೇಳಿದೆ. ದನಿ ಕದ್ದದ್ದು, ಪ್ಯಾಕೆಟ್ ಹೋದದ್ದು, ಸಿಕ್ಕಿದ್ದು. ಡಾಕ್ಟರು ಕ್ಯಾಕರಿಸಲೂ ಇಲ್ಲ. ನಿಯಮದ ಹಾಳೆ ಕೊಟ್ಟೆ. ಓದಿದರು. ಮಡಚಿ ನನ್ನ ಕೈಗೇ ತುರುಕಿದರು.

“ನನ್ನ ದನಿ ಕದ್ದೋನು ನೀನು. ಈಗ ನಾನು ಯಾರು ಅಂತ ನಾನೇ ರುಜು ಮಾಡ್ಬೇಕಾ? ಈ ವಯಸ್ನಾಗೆ? ಹೋಗಪ್ಪ. ನಿಮ್ ಚೂರೂ ಬ್ಯಾಡ, ನಿಮ್ ಹಾಳೇನೂ ಬ್ಯಾಡ.”

ಅವರ ಪರೀಕ್ಷೆ ಅಲ್ಲಿಗೆ ಸತ್ತಿತು, ಕೊಂದವನು ನಾನು. ತಲೆ ತಗ್ಗಿಸಿ ನಿಂತೆ. ಆಗ ಬೇಲಿಯಾಚೆ, ಬೇವಿನ ಮರದ ಕೆಳಗೆ ಒಂಟಿಯಾಗಿ ಕಟ್ಟಿದ್ದ ಒಂದು ಕುರಿ ಒಂದೇ ಸಮನೆ ಅರಚಿಕೊಳ್ಳುತ್ತಿತ್ತು. ಏನಾದರೂ ಮಾತಾಡಬೇಕಲ್ಲ, ಕೇಳಿದೆ: “ಅದೇನು ತಪ್ಪು ಮಾಡ್ತಮ್ಮ? ನನ್ನಂಗೆ ಆಚೆ ನಿಂತೈತೆ?”

“ತಪ್ಪೇನಿಲ್ಲ ಕಣಪ್ಪ. ಹೊಸ ಕುರಿ. ಅಮಾಸೆಲಿ ಬಂತು, ಹುಣ್ಣಿಮೆಗಂಟ ಅಲ್ಲೇ. ಬ್ಯಾರೆ ನೀರು, ಬ್ಯಾರೆ ಮೇವು. ಆಮ್ಯಾಕೆ ಮಂದೆಗೆ ಬಿಡೋದು.”

“ಯಾರತ್ರ ತಗೊಂಡ್ರಿ?”

ಮಾರಕ್ಕ ಕೋಲಿನಿಂದ ಡಾಕ್ಟರ ಕಡೆ ತೋರಿಸಿದಳು. “ಇವ್ನೇ ಕೊಟ್ಟಿದ್ದು. ನಮ್ ತಮ್ಮ. ಹಬ್ಬಕ್ಕೆ ಅಕ್ಕಂಗೆ ಅಂತ ತಂದ್ಕೊಟ್ಟ.”

“ಕುರಿ ಡಾಕ್ಟ್ರು ಕೊಟ್ಟ ಕುರಿನೂ?”

“ಡಾಕ್ಟ್ರು ಕೊಡ್ಲಿ, ದ್ಯಾವ್ರು ಕೊಡ್ಲಿ! ತಮ್ಮನ್ನ ನಂಬ್ತೀನಿ ಕಣಪ್ಪ. ಕುರಿ ದಾರಿಯಾಗೆ ಏನ್ ತಗುಲಿಸ್ಕೊಂಡ್ ಬಂದೈತೋ ತಮ್ಮಂಗೇನ್ ಗೊತ್ತು? ಅನುಮಾನ ಇದ್ದಿದ್ರೆ ತಗೋತಾನೇ ಇರ್ಲಿಲ್ಲ. ತಗೊಂಡಿವ್ನಿ, ಅದ್ಕೇ ಆಚೆ ಕಟ್ಟಿವ್ನಿ.”

ಹೇಳಿ, ಬೇಲಿಯಾಚೆ ಹೋಗಿ ಆ ಕುರಿಗೆ ಒಂದು ಹಿಡಿ ಮೇವು ಹಾಕಿ, ತಲೆ ಸವರಿ, ಬರುವಾಗ ಕೈ ತೊಳೆದುಕೊಂಡಳು.

ಡಾಕ್ಟರು ಬೇಲಿಯ ತನಕ ಹೋಗಿ ಆ ಕುರಿಯನ್ನು ನೋಡಿದರು. ಆಮೇಲೆ ಮೂರು ಸಲ ಕ್ಯಾಕರಿಸಿದರು. ಅಷ್ಟು ಇಂಪಾದ ಸಂಗೀತವನ್ನು ನಾನು ಕೇಳಿಲ್ಲ.

“ಆ ಹಾಳೆ ಕೊಡಪ್ಪ ಇಲ್ಲಿ. ಎಲ್ಲಿ ಸಹಿ ಹಾಕೋದು? ಇನ್ನೊಂದು ಬರ್ಕೋ. ನೀವು ಕೇಳೋ ಪ್ರಶ್ನೆ ಎಲ್ರಿಗೂ ಒಂದೇ ಇರ್ಬೇಕು. ನಂಗೂ ಅಷ್ಟೇ, ದಿಲ್ಲಿಯೋನಿಗೂ ಅಷ್ಟೇ. ಒಬ್ರಿಗೆ ಕೇಳಿ ಒಬ್ರಿಗೆ ಬಿಟ್ರೆ ಆಗ ಅವಮಾನ. ಅರ್ಥಾಯ್ತಾ?”

ಅರ್ಥವಾಯಿತು. ಅದನ್ನೇ ಹಾಳೆಯ ಮೊದಲ ಸಾಲು ಮಾಡಿದೆವು. ಹುಣ್ಣಿಮೆಯ ಹೊತ್ತಿಗೆ ಮಾರಕ್ಕನ ಕುರಿ ಮಂದೆ ಸೇರಿತು, ಡಾಕ್ಟರ ಚೂರು ಮತ್ತೆ ಕ್ರಮವಾಗಿ ಬರೆಯಿಸಿಕೊಂಡು ಎರಡು ಸಹಿಯೊಂದಿಗೆ ಅವರ ಕೈ ಸೇರಿತು. ಶ್ರಾವಣ ಮುಗಿಯುವುದರೊಳಗೆ ಅವರ ಪರೀಕ್ಷೆ ಒಂದು ಹಳ್ಳಿಯಲ್ಲಿ ಜ್ವರವನ್ನು ಮೊದಲ ಕುರಿಯಲ್ಲೇ ಹಿಡಿಯಿತು. ಅದೊಂದು ಹೋಯಿತು, ಮಂದೆ ಉಳಿಯಿತು. ಮುಂದಿನ ವರ್ಷ ಇಂಥ ಕಂಪನಿಗಳಿಗೆಲ್ಲ ನಿಯಮ ಹೇಗಿರಬೇಕೆಂದು ಚರ್ಚಿಸುವ ಸಭೆಗೆ ಗೌಸಿಯಾ ಮೇಡಂ ಹೋಗಿ ನಮ್ಮ ಹಾಳೆ ಓದಿದರು. ‘ಇದಕ್ಕೆ ಆಧಾರವೇನು’ ಎಂದು ಯಾರೋ ಕೇಳಿದರಂತೆ. ಮೇಡಂ ಕನ್ನಡಕ ಒರೆಸಿಕೊಂಡು ಕುರಿಯ ಕಥೆ ಹೇಳಿದರಂತೆ. ಒಬ್ಬರು ಬರೆದುಕೊಂಡರು ಎಂದು ಬಂದು ಹೇಳಿದರು. ಒಬ್ಬರು ಬರೆದುಕೊಂಡರೆ ಸಾಕು.

ನನ್ನ ಕೆಲಸ ಹೋಗಲಿಲ್ಲ. ಹೊಸಬರು ಸೇರಿದಾಗಲೆಲ್ಲ ಅವರಿಗೆ ಯಾರ ಯಾರದೋ ದನಿಯಲ್ಲಿ ಫೋನ್ ಮಾಡಿ ಪ್ಯಾಕೆಟ್ ಬಿಡಿಸಲು ನೋಡುವುದು ಈಗ ನನ್ನ ಅಧಿಕೃತ ಕೆಲಸ. ಕಳ್ಳತನಕ್ಕೆ ಸಂಬಳ. ಹೋದ ತಿಂಗಳು ಶಿವಾನಂದ ಸಾರ್ ದನಿಯಲ್ಲೇ ಪ್ರಯತ್ನಿಸಿದೆ. ಹೊಸ ಹುಡುಗಿ, “ಇಡಿ ಸಾರ್, ನಾನೇ ತಿರುಗಿ ಮಾಡ್ತೀನಿ” ಅಂದು ಇಟ್ಟೇಬಿಟ್ಟಳು. ಆ ಸಂಜೆ ಸಾರ್ ಎಲ್ಲರಿಗೂ ಬೋಂಡಾ ತರಿಸಿದರು.

ಕುರಿಗಳು ಕೊನೆಗೂ ದಾರಿ ಬಿಟ್ಟವು. ಇವತ್ತು ಬಂದದ್ದು ವರ್ಷದ ಮುಖಾಮುಖಿಗೆ. ಬಸ್ಸಿಳಿದು ಜೀಪು ಹಿಡಿದು ಹಟ್ಟಿಯ ಹತ್ತಿರ ಹೋದೆ. ಮಾರಕ್ಕನ ಕಣ್ಣು ಈಗ ಮಂಜು. ಬೇಲಿಗೆ ಅಡ್ಡವಾಗಿ ಕೋಲು ಹಿಡಿದಳು.

“ನಿಂತ್ಕಳಪ್ಪ ಅಲ್ಲೇ. ಯಾರು ನೀನು?”

ಮೂರು ಸಲ ಕ್ಯಾಕರಿಸಿದರೆ ತಮ್ಮ ಬಂದನೆಂದು ಬೇಲಿ ತೆಗೆಯುತ್ತಿದ್ದಳೋ ಏನೋ. ಗಂಟಲು ತುರಿಸಿತು. ತಡೆದುಕೊಂಡೆ.

“ನಾಗರಾಜ ಕಣಮ್ಮ. ಪರಿಗಿಯೋನು. ಹಿಂದೂಪುರ್‌ದಿಂದ ಬಂದಿವ್ನಿ.”

ಯಾರದೂ ಅಲ್ಲದ ಆ ದನಿ ಎಷ್ಟು ಕೀಚಲಾಗಿದೆಯೆಂದು ನನಗೇ ನಾಚಿಕೆಯಾಯಿತು. ಮಾರಕ್ಕ ತಲೆ ಓರೆ ಮಾಡಿ ಕೇಳಿಸಿಕೊಂಡಳು. ಒಳಗಿದ್ದ ತಮ್ಮನನ್ನು ಕೂಗಿ, ನಾನು ನಾನೇ ಹೌದೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಕೋಲು ಎತ್ತಿದಳು.

“ಬಾ. ಕಾಲು ತೊಳ್ಕೊಂಡು ಬಾ.”